ಕೆಂಪು ಫೋನಿಲ್ಲದ ಹಾಟ್‌ಲೈನ್

ಬೆಳಿಗ್ಗೆ ಟೀವಿ ಹಾಕಿದರೆ ಯಾವುದೋ ಹಳೆಯ ಇಂಗ್ಲಿಷ್ ಸಿನಿಮಾ. ಅಮೆರಿಕದ ಅಧ್ಯಕ್ಷ ಕೆಂಪು ಫೋನೆತ್ತಿ ಮಾಸ್ಕೋದವರ ಮೇಲೆ ರೇಗಾಡುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಟ್‌ಲೈನ್ ಅಂದರೆ ಕೆಂಪು ಫೋನು ಎಂದು ಇನ್ನೆಷ್ಟು ಕಾಲ ತೋರಿಸುತ್ತಾರೆ!

ಇಂಗ್ಲಿಷಿನವರಿಗೆ ಈ ‘ಹಾಟ್’ ಮೇಲೆ ಬಲು ಮೋಹ. ಕದ್ದ ಮಾಲು ಹಾಟ್, ಚಕಚಕ ಖರ್ಚಾಗುವುದು ಹಾಟ್ ಕೇಕ್, ಯಾರೂ ಮೈಮೇಲೆ ಹಾಕಿಕೊಳ್ಳದ ತಂಟೆ ಹಾಟ್ ಪೊಟ್ಯಾಟೊ, ಬರಿಯ ಬಡಾಯಿ ಹಾಟ್ ಏರ್. ಇವೆಲ್ಲ ಗೊತ್ತಿರುವುದೇ, ಬಿಡಿ. ನನಗೆ ಪ್ರೀತಿ ಹಾಟ್‌ಲೈನ್ ಮೇಲೆ.

1962ರ ಅಕ್ಟೋಬರಿನಲ್ಲಿ, ಕ್ಯೂಬಾದಲ್ಲಿದ್ದ ಸೋವಿಯತ್ ಕ್ಷಿಪಣಿಗಳಿಂದಾಗಿ ಅಣುಯುದ್ಧ ಇನ್ನೇನು ಶುರುವಾಯಿತು ಅನ್ನುವಾಗ, ಸೋವಿಯತ್ ನಾಯಕ ಕ್ರುಶ್ಚೇವ್ ಬರೆದ ಉದ್ದನೆಯ ಪತ್ರವೊಂದು ಅನುವಾದವಾಗಿ ವಾಷಿಂಗ್ಟನ್ನಿನ ಕೈಸೇರಲು ಸುಮಾರು 12 ಗಂಟೆ ಹಿಡಿಯಿತು. ಆ ದಿಗಿಲಿನಿಂದಲೇ ಮರುವರ್ಷ ಜೂನಿನಲ್ಲಿ ಜಿನೀವಾದಲ್ಲಿ ಎರಡು ದೇಶಗಳ ನಡುವೆ ಹಾಟ್‌ಲೈನಿನ ಒಪ್ಪಂದವಾಯಿತು. ಆಗಸ್ಟ್ 30ಕ್ಕೆ ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ ಹಾದು ಮಾಸ್ಕೋವರೆಗಿನ ತಂತಿ ಕೆಲಸ ಶುರುಮಾಡಿತು. ಎರಡು ತುದಿಯಲ್ಲೂ ಇದ್ದದ್ದು ಟೆಲಿಪ್ರಿಂಟರ್. ಬಾಯಿಮಾತು ಬೇಡ ಎಂದು ಬೇಕೆಂದೇ ತೀರ್ಮಾನಿಸಿದ್ದರು. ದನಿ ಏರಿದರೆ, ದುಭಾಷಿ ಅವಸರದಲ್ಲಿ ಎಡವಿದರೆ ಏನು ಅನಾಹುತವಾದೀತೋ! ಅಮೆರಿಕದವರು ಇಂಗ್ಲಿಷಿನಲ್ಲಿ, ಮಾಸ್ಕೋದವರು ರಷ್ಯನ್ನಿನಲ್ಲಿ ಬರೆಯಬೇಕು; ಬಂದದ್ದನ್ನು ಅನುವಾದ ಮಾಡಿಸಿ, ಕೂತು ಯೋಚಿಸಿ ಉತ್ತರ ಕೊಡಬೇಕು. 1967ರ ಜೂನಿನಲ್ಲಿ ಅರಬ್–ಇಸ್ರೇಲ್ ಯುದ್ಧ ಹೊತ್ತಿಕೊಂಡಾಗ ಸೋವಿಯತ್ ಪ್ರಧಾನಿ ಕೊಸಿಗಿನ್ ಮತ್ತು ಅಮೆರಿಕದ ಅಧ್ಯಕ್ಷ ಜಾನ್ಸನ್ ಹೀಗೆಯೇ ಬರೆದುಕೊಂಡರು. ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಚೀಟಿ ಬರೆಯಿರಿ ಎಂದು ನಾನು ಮನೆಯಲ್ಲಿ ಹೇಳುತ್ತಲೇ ಇರುತ್ತೇನೆ. ಅರ್ಧ ಬರೆಯುವಷ್ಟರಲ್ಲಿ ಬೈಗುಳಗಳೆಲ್ಲ ಉದುರಿ, ಹೇಳಬೇಕಾದ್ದಷ್ಟೇ ಉಳಿದಿರುತ್ತದೆ. ಫೋನಿನಲ್ಲಿ ಆ ಸೌಕರ್ಯವಿಲ್ಲ. ಕೆಂಪು ಫೋನನ್ನು ಕಂಡರೆ ನನಗಾಗದಿರುವುದು ಅದಕ್ಕೇ: ಎರಡು ಸರ್ಕಾರಗಳು ಅಷ್ಟು ವಿವೇಕದಿಂದ ದೂರವಿಟ್ಟ ಕೂಗಾಟವನ್ನು ಸಿನಿಮಾದವರು ಮತ್ತೆ ತಂದು ಕೂರಿಸಿದ್ದಾರೆ.

ತಂತಿ ಸರಿಯಿದೆಯೇ ಎಂದು ನೋಡಲು ಹಗಲೂ ರಾತ್ರಿ ಏನಾದರೂ ಕಳಿಸುತ್ತಲೇ ಇರಬೇಕಿತ್ತು. ಅಮೆರಿಕದವರು ಶೇಕ್ಸ್‌ಪಿಯರ್, ಮಾರ್ಕ್ ಟ್ವೈನ್‌ರ ಭಾಗಗಳನ್ನು ಕಳಿಸಿದರು. ಅತ್ತಲಿಂದ ಚೆಕಾವ್ ಬಂದ. ಚೆಕಾವ್‌ನ ಯಾವ ಕತೆಯೋ! ಅಮೆರಿಕದ ತುದಿಯಿದ್ದ ಪೆಂಟಗನ್ನಿನ ರಾತ್ರಿಪಾಳಿಯವರು ಅದನ್ನು ಓದಿಕೊಂಡರೋ, ಅಕ್ಷರ ಸರಿಯಾಗಿ ಮೂಡಿದೆ ಎಂದಷ್ಟೇ ನೋಡಿ ಮಡಿಸಿಟ್ಟರೋ! ನನ್ನ ಕೈಯಲ್ಲಿದ್ದರೆ 1886ರ ಆ ಗಾಡಿಯವನ ಕತೆ ಕಳಿಸುತ್ತಿದ್ದೆ. ಮಗ ತೀರಿಕೊಂಡ ಸಂಕಟವನ್ನು ಬಾಡಿಗೆಗೆ ಹತ್ತಿದವರಲ್ಲಿ ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಕೊನೆಗೆ ಕುದುರೆಗೇ ಹೇಳಿಕೊಳ್ಳುತ್ತಾನೆ. ಕೆಲವೇ ಪುಟಗಳ ಕತೆ, ಒಂದು ಪಾಳಿಯೊಳಗೇ ಪೂರ್ತಿ ಹೋಗಿಬಿಡುತ್ತಿತ್ತು.