ಆಮೆಗೊಂದು ಕ್ವಾರ್ಟರ್ಸ್

ಸ್ವಂತ ಮನೆ ಇರುವ ನೌಕರನಿಗೆ ಕ್ವಾರ್ಟರ್ಸ್ ಕೊಡಿ ಎಂದು ಅರ್ಜಿ ಬಂದರೆ, ನಮ್ಮ ಲೋಕೋಪಯೋಗಿ ಇಲಾಖೆಯಲ್ಲಿ ಆ ಕಡತ ಎಲ್ಲ ಮೇಜುಗಳನ್ನೂ ಸುತ್ತಿ ಆಕ್ಷೇಪಣೆ ಹೊತ್ತು ವಾಪಸಾಗುತ್ತಿತ್ತು. ಹಾಗಿರುವಾಗ ಹುಟ್ಟುತ್ತಲೇ ಬೆನ್ನ ಮೇಲೆ ಮನೆ ಹೊತ್ತು ಬಂದ ಪ್ರಾಣಿಗೆ ರಾತ್ರಿ ಮಲಗಲು ಇನ್ನೊಂದು ಮನೆ ಕಟ್ಟು ಎಂದರೆ ಯಾವ ಇಂಜಿನಿಯರ್ ತಾನೇ ಎಸ್ಟಿಮೇಟ್ ಬರೆದಾನು? ಮೊಮ್ಮಗಳು ನನ್ನಿಂದ ಬರೆಸಿದಳು.

ಮಗಳ ಸಂಸಾರ ಇರುವುದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕಿನಲ್ಲಿ. ಮೊಮ್ಮಗಳ ಆಮೆ ಹರ್ಮನ್ ಜಾತಿಯದು. ಇಟಲಿ, ಬಾಲ್ಕನ್ ಕಡೆಯ ಬಿಸಿಲಿನ ಕುರುಚಲು ಕಾಡಿನ ಕುಲ. ಯಾರೇನು ಕೇಳಿದರೂ ಕತ್ತು ಒಳಗೆಳೆದುಕೊಂಡು ಕೂರುವ ಅದರ ಗತ್ತು ನೋಡಿ ನಾನು ಶಾನುಭೋಗರು ಎಂದು ಹೆಸರಿಟ್ಟೆ. ಮೊಮ್ಮಗಳ ಬಾಯಲ್ಲಿ ಅದು 'ಶಾನು' ಆಗಿದೆ.

"ಚಿಪ್ಪಿದೆಯಲ್ಲ ಪುಟ್ಟಿ, ಸಾಲದೇನೆ?" ಎಂದೆ.

"ತಾತ, ಅದು ಮನೆ ಅಲ್ಲ. ಶಾನು ಮೈನೇ ಅದು."

ಹುಡುಗಿ ಹೇಳಿದ್ದು ಸರಿ. ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಬೆಸೆದುಕೊಂಡು ಆದದ್ದೇ ಚಿಪ್ಪು. ಅದರೊಳಗೆ ರಕ್ತ ಹರಿಯುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಆದರೆ ಅದು ಕಂಬಳಿಯಂತೆ ಬೆಚ್ಚಗಿಡದು. ನಾವು ಹೊದ್ದ ಕಂಬಳಿ ಬೆಚ್ಚಗಿಡುವುದು ನಮ್ಮದೇ ಮೈಶಾಖವನ್ನು ಹಿಡಿದಿಟ್ಟುಕೊಂಡು. ಆಮೆಯ ಮೈ ಅಂಥ ಶಾಖವನ್ನು ಹುಟ್ಟಿಸುವುದೇ ಇಲ್ಲ, ಬಿಸಿಲಿನಿಂದ ಕಡ ತರಬೇಕು. ಸೂರ್ಯ ಮುಳುಗಿದರೆ ಸಾಲದ ಬಾಗಿಲೂ ಮುಚ್ಚಿತು. ಬರಿಯ ಚಳಿಯನ್ನಾದರೂ ಅದು ತಡೆದುಕೊಂಡೀತು. ಚಳಿಯ ಜೊತೆಗೆ ತೇವ ಸೇರಿದರೆ ಮೂಗು ಸೋರಿ ಶ್ವಾಸಕೋಶಕ್ಕೇ ಕುತ್ತು.

ಈ ಊರಿನಿಂದ ಕಾರಿನಲ್ಲಿ ಗಂಟೆಯೊಳಗೆ ಹೋಗಬಹುದಾದ ಸೆಲ್‌ಬೋರ್ನ್ ಎಂಬ ಹಳ್ಳಿಯಲ್ಲಿ ಆಮೆಯ ಈ ಪಾಡನ್ನು ನೋಡಿ ಬರೆದಿಟ್ಟ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದ. ಸೋದರತ್ತೆ ಸಾಕಿದ್ದ ತಿಮೋತಿ ಎಂಬ ಆಮೆ ಅವಳು ತೀರಿಕೊಂಡ ಮೇಲೆ 1780ರಲ್ಲಿ ಇವನ ಪಾಲಿಗೆ ಬಂತು. ಮಾರ್ಚ್ ತಿಂಗಳಲ್ಲಿ, ಅದರ ಚಳಿಗಾಲದ ನಿದ್ದೆ ಇನ್ನೂ ಪೂರ್ತಿ ತಿಳಿಯದಿರುವಾಗಲೇ ಮಣ್ಣಿನಿಂದ ಅಗೆದು ತೆಗೆದು, ಕುದುರೆ ಗಾಡಿಯಲ್ಲಿ ಎಂಬತ್ತು ಮೈಲಿ ತಂದ. ಕುಲುಕಾಟಕ್ಕೆ ಎಚ್ಚೆತ್ತ ತಿಮೋತಿ ಹೊಸ ತೋಟದಲ್ಲಿ ಎರಡು ಸಲ ಕೊನೆಯವರೆಗೂ ನಡೆದು ನೋಡಿತು. ಸಂಜೆ ಚಳಿ ಬಿದ್ದದ್ದೇ ಸಡಿಲ ಮಣ್ಣು ಕೆದಕಿ ಒಳಗೆ ಸೇರಿಕೊಂಡಿತು. ಬೇಸಿಗೆಯ ದೀರ್ಘ ಹಗಲಿನಲ್ಲೂ ಅದು ಸಂಜೆ ನಾಲ್ಕಕ್ಕೇ ಮಲಗುತ್ತಿತ್ತಂತೆ, ಬೆಳಿಗ್ಗೆ ಏಳುವುದು ತಡ. ವೈಟನಿಗೆ ಸೋಜಿಗವೆನಿಸಿದ್ದು ಇನ್ನೊಂದು: ತುಂಬಿದ ಗಾಡಿಯ ಚಕ್ರ ಹರಿದರೂ ತಡೆಯಬಲ್ಲ ಚಿಪ್ಪು ಹೊತ್ತ ಪ್ರಾಣಿ ನಾಲ್ಕು ಹನಿ ಮಳೆಗೆ ಹೆದರಿ ಮೂಲೆ ಹುಡುಕುತ್ತದಲ್ಲ! ಇದೆಲ್ಲ 1789ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ. (ಸತ್ತ ಮೇಲೆ ನೋಡಿದರೆ ತಿಮೋತಿ ಹೆಣ್ಣು. ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಶಾನುಭೋಗರ ವಿಷಯದಲ್ಲೂ ನಾನು ಖಾತ್ರಿ ಕೊಡಲಾರೆ.)

ಆಯುಷ್ಯವೆಲ್ಲ ಭಾರದ ಲೆಕ್ಕ ಹಾಕಿದವನು ನಾನು. ಸೇತುವೆಯಾದರೆ ಲಾರಿ ಎಷ್ಟು ಟನ್ನು, ಚಾವಣಿಯಾದರೆ ನೀರಿನ ಟ್ಯಾಂಕು ಎಷ್ಟು ಲೀಟರು. ಶಾನುಭೋಗರ ಈ ಕಟ್ಟಡಕ್ಕೆ ಹೊರಬೇಕಾದ ಭಾರವೇ ಇಲ್ಲ. ಗಟ್ಟಿತನದ ಗುತ್ತಿಗೆಯನ್ನು ಚಿಪ್ಪು ಆಗಲೇ ಮುಗಿಸಿಬಿಟ್ಟಿದೆ. ನನಗೆ ಉಳಿದದ್ದು ಒಣಗಿದ ನೆಲ, ನಿಂತ ಗಾಳಿ, ಒಂದಿಷ್ಟು ಬಿಸಿ. ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ. ಗೋಡೆ ಎರಡು ಪದರ, ನಡುವೆ ಥರ್ಮೋಕೋಲ್. ಅದನ್ನು ಹೊರಗೆ ಬಿಟ್ಟರೆ ಶಾನುಭೋಗರು ಕಚ್ಚಿ ರುಚಿ ನೋಡುತ್ತಾರೆ. ನೆಲದ ತೇವ ಏರದಂತೆ ಕೆಳಗೆ ಇಟ್ಟಿಗೆ, ಮೇಲೆ ಇಳಿಜಾರು ಚಾವಣಿ, ಉಸಿರಾಡಲು ಎತ್ತರದಲ್ಲಿ ತೂತುಗಳು. ಬಾಗಿಲು ಪೂರ್ವಕ್ಕೆ. ಮಗಳು, "ಇಲ್ಲೂ ವಾಸ್ತುನಾ ಅಪ್ಪ?" ಎಂದು ನಕ್ಕಳು. ಬೆಳಗಿನ ಬಿಸಿಲು ನೇರ ಹೊಸ್ತಿಲಿಗೆ ಬಿದ್ದರೆ ಆಮೆ ತಾನಾಗಿಯೇ ಹೊರಗೆ ಬರುತ್ತದೆ, ಅಷ್ಟೆ.

ಮೊದಲ ನಕ್ಷೆಯಲ್ಲಿ ವಿಶಾಲವಾದ ಹಾಲ್ ಇತ್ತು. ಮೊಮ್ಮಗಳು ಹೊಡೆದುಹಾಕಿದಳು. ಆಮೆಗೆ ವಿಶಾಲವಾದದ್ದು ಬೇಕಿಲ್ಲ, ಮೂಲೆಗೆ ಒತ್ತಿಕೊಂಡು ಮಣ್ಣಲ್ಲಿ ಅರ್ಧ ಹೂತುಕೊಂಡರೇ ಅದಕ್ಕೆ ನೆಮ್ಮದಿ. ಹಾಸಿಗೆಗೆ ಮಣ್ಣಿನ ಜೊತೆ ಬೆರೆಸಲು ತೆಂಗಿನ ನಾರಿನ ಪುಡಿ. ತಿಪಟೂರಿನ ಕಡೆ ರಸ್ತೆ ಪಕ್ಕ ಗುಡ್ಡೆ ಬಿದ್ದಿರುವ ಪದಾರ್ಥ ಇಲ್ಲಿ ಇಟ್ಟಿಗೆಯಾಗಿ ಒತ್ತಿಸಿಕೊಂಡು ಅಂಗಡಿಯಲ್ಲಿ ಕೂತಿದೆ. ತುಮಕೂರಿನವನು ಅದಕ್ಕೆ ಪೌಂಡು ಕೊಡುವಾಗ ಕೈ ಸ್ವಲ್ಪ ನಡುಗಿತು. ಚಳಿಯ ರಾತ್ರಿಗೆ ಥರ್ಮೋಸ್ಟಾಟ್ ಇರುವ, ಬೆಳಕು ಬೀರದ ಹೀಟರ್. ದೀಪ ಉರಿಸಿದರೆ ಆಮೆಗೆ ರಾತ್ರಿ ಯಾವುದು ಹಗಲು ಯಾವುದು ತಿಳಿಯದು. ಸಂಜೆ ಚಿಲಕ ಹಾಕುವುದಂತೂ ತಪ್ಪಬಾರದು. ನರಿಗಿಂತ ನನಗೆ ಇಲಿಯ ಭಯ. ತಣ್ಣಗಾಗಿ ಓಡಲಾರದ ಆಮೆಯ ಕಾಲನ್ನು ಇಲಿ ಕಡಿದುಹಾಕುತ್ತದೆ.

"ಊರಿಗೂ ಒಂದು ಆಮೆ ತಗೊಂಡು ಹೋಗು ತಾತ" ಎಂದಳು ಮೊಮ್ಮಗಳು. ಆಗದ ಮಾತು. ನಮ್ಮ ಬಯಲುಸೀಮೆಯ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೃಷ್ಟ ಬರುತ್ತದೆಂದು ಕದ್ದು ಕೊಳ್ಳುವವರಿದ್ದಾರೆ, ಸೂಟ್‌ಕೇಸಿನಲ್ಲಿ ತುಂಬಿ ವಿದೇಶಕ್ಕೆ ಸಾಗಿಸುವವರೂ ಇದ್ದಾರೆ. ಆ ಆಮೆಗೆ ತಕ್ಕ ರಾತ್ರಿಯ ವಸತಿ ಬೇಲಿಯ ಬುಡದ ಹುಲ್ಲು. ಅದನ್ನು ಯಾವ ಇಂಜಿನಿಯರೂ ಮುಟ್ಟಬಾರದು. ಇಂಗ್ಲೆಂಡಿನಲ್ಲಿ ಹರ್ಮನ್ ಆಮೆ ಮಾರುವುದಕ್ಕೂ ಪ್ರಮಾಣಪತ್ರ ಬೇಕು. ಶಾನುಭೋಗರ ಮೈಯೊಳಗೆ ಮೈಕ್ರೋಚಿಪ್ ಇದೆ, ಪಹಣಿಯಷ್ಟೇ ಭದ್ರ.

ಇಷ್ಟೆಲ್ಲ ಕಟ್ಟಿದ ಮೇಲೆ ಗೊತ್ತಾಯಿತು, ಚಳಿಗಾಲಕ್ಕೆ ಈ ಮನೆ ಖಾಲಿ. ಆಗ ಶಾನುಭೋಗರ ವಾಸ ಫ್ರಿಜ್ಜಿನಲ್ಲಿ! ತಮಾಷೆಯಲ್ಲ, ಇಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ. ಹೊರಗಿನ ಹವೆಯನ್ನು ನಂಬುವಂತಿಲ್ಲ: ಸೊನ್ನೆಗಿಂತ ಇಳಿದರೆ ಕಣ್ಣೇ ಹೋಗಬಹುದು, 10 ಡಿಗ್ರಿ ದಾಟಿದರೆ ಅರೆ ಎಚ್ಚರವಾಗಿ ಮೈಯ ಕೊಬ್ಬು ಕರಗುತ್ತದೆ. ಫ್ರಿಜ್ಜು 5 ಡಿಗ್ರಿಯಲ್ಲಿ ಅಲುಗಾಡದೆ ನಿಲ್ಲುತ್ತದೆ. ಅದಕ್ಕೂ ಮೊದಲು ಪಶುವೈದ್ಯರ ತಪಾಸಣೆ, ಕೆಲವು ವಾರ ಉಪವಾಸ, ಉಗುರುಬೆಚ್ಚಗಿನ ನೀರಿನ ಸ್ನಾನ. ಹೊಟ್ಟೆಯಲ್ಲಿ ಅನ್ನ ಉಳಿದರೆ ಅಲ್ಲೇ ಕೊಳೆಯುತ್ತದೆ. ಮಲಗಿದ ಮೇಲೆ ಆಗಾಗ ಬಾಗಿಲು ತೆರೆದು ಗಾಳಿ ಆಡಿಸಬೇಕು, ತೂಕ ನೋಡಿ ಬರೆದಿಡಬೇಕು. ಇದಕ್ಕೆಂದೇ ಗ್ಯಾರೇಜಿನಲ್ಲಿ ಒಂದು ಪುಟ್ಟ ಫ್ರಿಜ್ಜು ತಂದಿಟ್ಟಿದ್ದಾರೆ. ಮೇಲಿನ ತಟ್ಟೆ ಹೇಗೂ ಖಾಲಿ ಇರುತ್ತದಲ್ಲ, ಬಿಯರ್ ಇಟ್ಟುಕೊಳ್ಳಲೇ ಎಂದು ಅಳಿಯ ಕೇಳಿದ್ದಾನೆ. ಮೊಮ್ಮಗಳು ಇನ್ನೂ ಒಪ್ಪಿಗೆ ಕೊಟ್ಟಿಲ್ಲ.