ಹೆಸರು ಹಲವು, ಅಣು ಒಂದೇ

ಆಳಂದ ತಾಲ್ಲೂಕಿನ ಸರಸಂಬಾದಂಥ ಊರುಗಳಲ್ಲಿ ಜೋಳ, ತೊಗರಿ, ಕಬ್ಬಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತು ನಡೆಯುತ್ತದೆ. ಆದರೆ ಶಾಲೆಗೆ ಹೋಗುವ ಹುಡುಗನೊಬ್ಬ, 'ಎಪ್ಪಾ, ಎಲ್ಲಾನೂ ದಾರೂನೇ ಅದ. ಮತ್ತ ಒಂದಕ್ಕ ನೂರು, ಒಂದಕ್ಕ ಸಾವಿರಗಟ್ಲೆ ಯಾಕ?' ಎಂದು ಕೇಳಿದರೆ ಮನೆಯಲ್ಲಿ ಸಿಗುವುದು ಉತ್ತರವಲ್ಲ, ತಲೆಯ ಮೇಲೊಂದು ಮೊಟಕು. ಉತ್ತರವನ್ನು ಆತ ಬೇರೆ ಕಡೆ ಹುಡುಕುತ್ತಾನೆ. ಸಿನಿಮಾ ಹೇಳುತ್ತದೆ, ಕಟ್ಟೆಯ ಮೇಲೆ ಕೂತ ಗೆಳೆಯರು ಹೇಳುತ್ತಾರೆ. 'ದುಬಾರಿಯದು ಆರೋಗ್ಯಕ್ಕೆ ಕೆಟ್ಟದ್ದಲ್ಲ' ಎಂಬ ಅಪಾಯದ ನಂಬಿಕೆ ಹುಟ್ಟುವುದು ಅಲ್ಲಿಯೇ.

ನಿಜಕ್ಕೂ ಇದು ವಿಜ್ಞಾನದ ಪ್ರಶ್ನೆ. ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಬಾಯಿ ಸಿಹಿಯಾಗುತ್ತದೆ. ಎಂಜಲಿನ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಮೊಳಕೆಯೊಡೆದ ಕಾಳಿನಲ್ಲಿಯೂ ಇಂಥ ಕಿಣ್ವವಿರುತ್ತದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ಅದರ ಸಿಹಿನೀರನ್ನು ಯೀಸ್ಟ್ ಹುದುಗಿಸಿ ಎಥೆನಾಲ್ ಮಾಡುತ್ತದೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಎಥೆನಾಲ್ ಸುಮಾರು 78 ಡಿಗ್ರಿಯಲ್ಲೇ ಕುದಿಯುವುದರಿಂದ, ಬಟ್ಟಿ ಇಳಿಸಿದಾಗ ಆವಿಯಲ್ಲಿ ಅದರ ಪಾಲು ಹೆಚ್ಚುತ್ತದೆ.

ಇಷ್ಟರವರೆಗೆ ಎಲ್ಲರ ದಾರಿಯೂ ಹೆಚ್ಚು ಕಡಿಮೆ ಒಂದೇ. ಮುಂದೆ ಕವಲೊಡೆಯುತ್ತದೆ. ಸ್ಕಾಟ್ಲೆಂಡಿನ ವಿಸ್ಕಿ ಅಲ್ಲಿಯೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕೆಂಬುದು ಕಾನೂನು. ಒಂದೇ ಭಟ್ಟಿಯಲ್ಲಿ ಬರೀ ಮಾಲ್ಟ್ ಬಾರ್ಲಿಯಿಂದ ತಯಾರಾದದ್ದು 'ಸಿಂಗಲ್ ಮಾಲ್ಟ್'. ಪೀಟ್ ಎಂಬ ಜೌಗುನೆಲದ ಇಂಧನದ ಹೊಗೆಯಲ್ಲಿ ಮಾಲ್ಟ್ ಒಣಗಿಸಿದರೆ ಹೊಗೆಯ ವಾಸನೆ ಉಳಿಯುತ್ತದೆ. ಐರ್ಲೆಂಡಿನಲ್ಲಿ ಮೂರು ಸಲ ಬಟ್ಟಿ ಇಳಿಸುವ ರೂಢಿ ಹೆಚ್ಚು. ಅಮೆರಿಕದ ಬರ್ಬನ್‌ನಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳವಿರಬೇಕು; ಒಳಗೆ ಸುಟ್ಟು ಕರಿಯಾಗಿಸಿದ ಹೊಸ ಓಕ್ ಪೀಪಾಯಿಯಲ್ಲಿ ಅದನ್ನು ಇಡಬೇಕು. ಬಣ್ಣ, ಪರಿಮಳಗಳಲ್ಲಿ ಬಹುಪಾಲು ಆ ಮರದ ಕೊಡುಗೆ.

ನಮ್ಮ ದೇಶದ ಕತೆ ಬೇರೆ. ಇಲ್ಲಿ ಅಗ್ಗದ 'ವಿಸ್ಕಿ'ಗೆ ಬಹುಕಾಲದಿಂದ ಆಧಾರವಾಗಿರುವುದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಶುದ್ಧ ಮದ್ಯಸಾರ. ಅದಕ್ಕೆ ಬಣ್ಣ, ವಾಸನೆ, ಕೆಲವೊಮ್ಮೆ ಸ್ವಲ್ಪ ಮಾಲ್ಟ್ ಸೇರುತ್ತದೆ. ಕಾಕಂಬಿಯದನ್ನು ಯುರೋಪಿನ ಒಕ್ಕೂಟ ವಿಸ್ಕಿ ಎಂದು ಒಪ್ಪುವುದಿಲ್ಲ. ಹಾಗೆಂದು ಭಾರತದಲ್ಲಿ ಮಾಲ್ಟ್ ವಿಸ್ಕಿ ಇಲ್ಲವೆಂದಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಸಂಸ್ಥೆ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿತು. ಪೀಪಾಯಿಯಿಂದ ವರ್ಷವರ್ಷ ಆವಿಯಾಗಿ ಹೋಗುವ ಅಂಶಕ್ಕೆ 'ದೇವದೂತರ ಪಾಲು' ಎಂಬ ಹೆಸರಿದೆ. ತಂಪಾದ ಸ್ಕಾಟ್ಲೆಂಡಿನಲ್ಲಿ ಅದು ಶೇ 2ರಷ್ಟು. ಬೆಂಗಳೂರಿನ ಹವೆಯಲ್ಲಿ ಶೇ 10ರಿಂದ 12. ಅಲ್ಲಿ ಬಹಳ ವರ್ಷ ಹಿಡಿಯುವ ಮಾಗುವಿಕೆ ಇಲ್ಲಿ ಬೇಗ ಆಗುತ್ತದೆ. ಬೆಲೆಯ ವ್ಯತ್ಯಾಸದಲ್ಲಿ ಕಾಳು, ಮರ, ಕಾಲ, ತೆರಿಗೆ, ಹೆಸರು ಎಲ್ಲವೂ ಸೇರಿವೆ.

ಆದರೆ ನೂರರದಾಗಲಿ ಸಾವಿರದ್ದಾಗಲಿ, ದೇಹದೊಳಗೆ ಹೋಗುವ ಎಥೆನಾಲ್ ಅಣು ಒಂದೇ. ಹತ್ತನೆಯ ತರಗತಿಯವರು ಲೆಕ್ಕ ಮಾಡಿ ನೋಡಬಹುದು. ನಮ್ಮಲ್ಲಿ 'ಕ್ವಾರ್ಟರ್' ಎಂದರೆ 180 ಮಿಲಿಲೀಟರ್. ಚೀಟಿಯ ಮೇಲೆ ಶೇ 42.8 ಎಂದಿದ್ದರೆ ಅದರಲ್ಲಿ ಎಥೆನಾಲ್ 77 ಮಿಲಿಲೀಟರ್, ಅಂದರೆ ಸುಮಾರು 60 ಗ್ರಾಂ. ಯಕೃತ್ತು ಗಂಟೆಗೆ ಕರಗಿಸಬಲ್ಲದ್ದು ಸುಮಾರು 7ರಿಂದ 10 ಗ್ರಾಂ ಮಾತ್ರ. ಮಧ್ಯರಾತ್ರಿ ಮಲಗಿದವನು ನಸುಕಿನಲ್ಲಿ ಎದ್ದು ಟ್ರ್ಯಾಕ್ಟರ್ ಹತ್ತಿದರೆ ನಶೆ ಇಳಿದಿದೆ ಎಂದು ಆತನಿಗೆ ಅನಿಸಬಹುದು. ರಕ್ತದ ಲೆಕ್ಕ ಬೇರೆ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆ ಪಟ್ಟಿಯಲ್ಲಿ ದುಬಾರಿ, ಅಗ್ಗ ಎಂಬ ಭೇದವಿಲ್ಲ.

ಇನ್ನೊಂದು ಅಣು ಇದಕ್ಕಿಂತ ಘೋರ. ಅದು ಕೈಗಾರಿಕೆಗಳಲ್ಲಿ ಬಳಸುವ ಮೆಥೆನಾಲ್. ನೋಟಕ್ಕೆ ಎಥೆನಾಲ್‌ನಂತೆಯೇ ನೀರಿನ ಬಣ್ಣ. ಒಳಗೆ ಹೋದ ಮೇಲೆ ಯಕೃತ್ತಿನಲ್ಲಿ ಫಾರ್ಮಾಲ್ಡಿಹೈಡ್, ನಂತರ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೊಲ್ಲುತ್ತದೆ, ಜೀವವನ್ನೂ ತೆಗೆಯುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥೆನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಕೂಲಿ ಮಾಡಿ ಬದುಕುವ ಬಡವರು. ಕುಡಿದು ಸತ್ತವರ ಹಿಂದೆ ಉಳಿದ ಹೆಂಡತಿ ಮಕ್ಕಳ ಪಾಡು ಯಾವ ರಸಾಯನ ಶಾಸ್ತ್ರದ ಪುಸ್ತಕದಲ್ಲಿಯೂ ಇಲ್ಲ.

ಹತ್ತನೆಯ ತರಗತಿಯ 'ಕಾರ್ಬನ್ ಮತ್ತು ಅದರ ಸಂಯುಕ್ತಗಳು' ಪಾಠದಲ್ಲಿ ಈ ಎರಡೂ ಅಣುಗಳ ವಿಷಯವಿದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬಿಟ್ಟುಬಿಡುವ ಪಾಠ ಅದಲ್ಲ. ಮಗ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಲಿ. ಕುಡಿಯುವ ತಂದೆಯಾಗಿದ್ದರೂ ಪಕ್ಕದಲ್ಲಿ ಕೂತು ಕೇಳಲಿ. ಮುಚ್ಚಿಟ್ಟ ವಿಷಯ ಹುಡುಗರಿಗೆ ಆಕರ್ಷಣೆಯಾಗುತ್ತದೆ. ಲೆಕ್ಕ ಹಾಕಿ ತಿಳಿದ ವಿಷಯವಾದರೆ, ಗೆಳೆಯ ಲೋಟ ಮುಂದೆ ಹಿಡಿದಾಗ 'ಒಲ್ಲೆ' ಎನ್ನಲು ಧೈರ್ಯ ಕೊಡುತ್ತದೆ.