ಕೂಸು ಎದೆಯ ಮೇಲೆ, ಒಲೆ ಯಾರ ಪಾಲಿಗೆ?

ಚಪ್ಪಲಿ ಹೊರಗೆ ಬಿಟ್ಟು, ಮೊಣಕೈತನಕ ಸೋಪು ಹಚ್ಚಿ ಕೈ ತೊಳೆದು ಒಳಗೆ ಬನ್ನಿ. ಕೊಪ್ಪಳ ಸೀಮೆಯ ಸರ್ಕಾರಿ ಆಸ್ಪತ್ರೆಯೊಂದರ ಕಾಂಗರೂ ತಾಯಿ ಆರೈಕೆಯ (ಕೆಎಂಸಿ) ವಾರ್ಡು ಇದು. ಜುಲೈ ತಿಂಗಳು, ಹೊರಗೆ ಮೋಡ ಕವಿದಿದೆ. ಒಳಗೆ ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚಿದ್ದಾರೆ. ನಿಂತ ಸ್ವಲ್ಪ ಹೊತ್ತಿಗೇ ನಿಮ್ಮ ಬೆನ್ನು ಬೆವರುತ್ತದೆ. ಕೂಸುಗಳಿಗೆ ಬೇಕಾದ ಶಾಖ ಇದು.

ಗೋಡೆ ಬದಿಯ ಮಂಚದಲ್ಲಿ ಬಾಣಂತಿಯೊಬ್ಬಳು ದಿಂಬಿಗೆ ಒರಗಿ ಕೂತಿದ್ದಾಳೆ. ಎದೆಗೆ ಬಟ್ಟೆಯ ಪಟ್ಟಿ ಬಿಗಿದಿದೆ, ಮೇಲೆ ಸೆರಗು. ಸೆರಗಿನ ಅಂಚಿನಲ್ಲಿ ಒಂದು ಉಣ್ಣೆಯ ಕುಲಾವಿ ಮಾತ್ರ ಕಾಣುತ್ತದೆ. ಕುಲಾವಿ, ಕಾಲುಚೀಲ, ಲಂಗೋಟಿ ಬಿಟ್ಟರೆ ಕೂಸಿನ ಮೈಮೇಲೆ ಏನೂ ಇಲ್ಲ. ಅವ್ವನ ಎದೆಯ ನಡುವೆ ನೆಟ್ಟಗೆ, ಮೊಣಕಾಲು ಮಡಚಿ, ಮುಖ ಒಂದು ಪಕ್ಕಕ್ಕೆ ಹೊರಳಿಸಿ ಅಂಟಿಕೊಂಡಿದೆ. ತೂಕ 1,450 ಗ್ರಾಂ. ದಿನ ತುಂಬದೆ ಹುಟ್ಟಿದ್ದು.

ಮಂಚದ ಕೆಳಗೆ ಅತ್ತೆ ಕೂತಿದ್ದಾಳೆ. ಮೊನ್ನೆಯಿಂದ ಅವಳ ಮುಖ ಗಂಟಿಕ್ಕಿದೆ. ಎರೆಯುವುದಿಲ್ಲ, ಹೊಗೆ ಹಾಕುವುದಿಲ್ಲ, ಬಟ್ಟೆಯಲ್ಲಿ ಸುತ್ತಿ ಮಲಗಿಸುವುದಿಲ್ಲ, ಇದೆಂಥಾ ಬಾಣಂತನ? ಅವಳ ಸಿಟ್ಟನ್ನು ಅಜ್ಞಾನ ಎಂದು ತಳ್ಳಿಹಾಕಬೇಡಿ. ಕೂಸು ತಣ್ಣಗಾದರೆ ಉಳಿಯುವುದಿಲ್ಲ ಎನ್ನುವುದು ಆಕೆಗೆ ಯಾರೂ ಹೇಳಿಕೊಡದೆ ಗೊತ್ತಿರುವ ಸತ್ಯ. ಸಿಸ್ಟರ್‌ಗೂ ಅದು ಗೊತ್ತಿದೆ. ಅವರು ಕೂಸಿನ ಅಜ್ಜಿಯಾದ ಈಕೆಯ ಕೈ ಹಿಡಿದು ಸೆರಗಿನ ಕೆಳಗೆ ಒಯ್ಯುತ್ತಾರೆ.

"ಅಜ್ಜೀ, ಕಾಲು ಮುಟ್ಟಿ ನೋಡ್ರಿ."

"ಬೆಚ್ಚಗ ಐತಿ."

"ನಿಮ್ಮ ಸೊಸಿನ ಅಗ್ಗಿಷ್ಟಿಗಿ ಆಗ್ಯಾಳ ನೋಡ್ರಿ. ಇದ್ರಾಗ ಹೊಗಿ ಇಲ್ಲ, ಸುಡಂಗೂ ಇಲ್ಲ."

ಅಜ್ಜಿ ಕೈ ತೆಗೆಯುವುದಿಲ್ಲ.

ಕಾಂಗರೂ ತಾಯಿ ಆರೈಕೆ ಹುಟ್ಟಿದ್ದು ಕೊರತೆಯಿಂದ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗಾರ್ ರೇ ಎಂಬ ಮಕ್ಕಳ ವೈದ್ಯರು ಇದನ್ನು ಆರಂಭಿಸಿದರು, ಹೆಕ್ಟರ್ ಮಾರ್ಟಿನೆಜ್ ಜೊತೆಗೂಡಿ ಬೆಳೆಸಿದರು. ಇನ್‌ಕ್ಯುಬೇಟರ್ ಸಾಲದೆ ಕೂಸುಗಳನ್ನು ಒತ್ತೊತ್ತಾಗಿ ಮಲಗಿಸಬೇಕಾಗಿತ್ತು, ಸೋಂಕು ಹಬ್ಬುತ್ತಿತ್ತು. ಆಮೇಲೆ ತಿಳಿಯಿತು, ಇದು ಬರೀ ಬಡವರ ಬದಲಿ ವ್ಯವಸ್ಥೆಯಲ್ಲ. ದೆಹಲಿಯ ಸಫ್ದರ್‌ಜಂಗ್ ಸೇರಿದಂತೆ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ 3,211 ಕೂಸುಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೂಸು ಚೇತರಿಸಿಕೊಳ್ಳಲಿ ಎಂದು ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ ಮೊದಲ 28 ದಿನಗಳ ಸಾವು ಕಾಲುಭಾಗ ಇಳಿದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿತು: ತಡ ಮಾಡಬೇಡಿ, ದಿನಕ್ಕೆ 8ರಿಂದ 24 ತಾಸು ಕೊಡಿ.

ಆ ಅಧ್ಯಯನದ ಇನ್ನೊಂದು ಅಂಕಿಯನ್ನು ಇದೇ ಮಂಚದ ಪಕ್ಕ ನಿಂತು ಯೋಚಿಸಿ. ಬೇಗ ಶುರು ಮಾಡಿದ ಕೂಸುಗಳು ತೀವ್ರ ನಿಗಾ ಘಟಕದಲ್ಲಿ ದಿನಕ್ಕೆ ಸುಮಾರು 17 ತಾಸು ಇನ್ನೊಬ್ಬರ ಮೈಗೆ ಅಂಟಿಕೊಂಡಿದ್ದವು. ಹದಿನೇಳು ತಾಸು! ಹೆರಿಗೆಯ ನೋವು ಆರದ ಒಬ್ಬ ಹೆಂಗಸು ಅಷ್ಟು ಹೊತ್ತು ಕೂತಿದ್ದರೆ ಅವಳಿಗೆ ಊಟ ಯಾರು ತರಬೇಕು? ಮೂರು ವರ್ಷದ ಹಿರಿಮಗನಿಗೆ ಯಾರು ಉಣ್ಣಿಸಬೇಕು? ಅವಳು ಮೂತ್ರಕ್ಕೆ ಎದ್ದರೆ ಕೂಸು ಯಾರ ಮೈಗೆ? ಈ ಚಿಕಿತ್ಸೆಗೆ ಖರ್ಚಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಂತ್ರದ ಖರ್ಚು ಉಳಿಯಿತು, ನಿಜ. ಅದರ ಬದಲು ಮನೆಯವರ ಹೊತ್ತು ಖರ್ಚಾಗುತ್ತದೆ, ಅದನ್ನು ಯಾವ ಬಜೆಟ್ಟಿನಲ್ಲೂ ಬರೆಯುವುದಿಲ್ಲ.

ಈಗ ಊಟದ ಹೊತ್ತು. ಪಕ್ಕದ ಮಂಚದವಳು ಇಲ್ಲಿಗೆ ಬಂದು ವಾರವಾಗಿದೆ, ಈ ವಾರ್ಡಿನಲ್ಲಿ ಅವಳೇ ಹಿರಿಯಳು. ಹಿಂಡಿದ ಹಾಲನ್ನು ಒಳಲೆಯಲ್ಲಿ ಹೇಗೆ ಕುಡಿಸಬೇಕು, ಪಟ್ಟಿ ಎಲ್ಲಿ ಗಂಟು ಹಾಕಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಾಳೆ. ಡಾಕ್ಟರ್ ಮಾತಿಗಿಂತ ಅವಳ ಮಾತು ಬೇಗ ನಾಟುತ್ತದೆ, ಯಾಕೆಂದರೆ ಅವಳ ಕೂಸಿನ ತೂಕ ಏರಿದ್ದನ್ನು ಎಲ್ಲರೂ ಕಂಡಿದ್ದಾರೆ. "ಅತ್ತಿ ಕಡೆ ಕೊಟ್ಟು ಉಣ್ಣು ಹೋಗವಾ," ಎನ್ನುತ್ತಾಳೆ. ಅಜ್ಜಿ ತಬ್ಬಿಬ್ಬಾಗುತ್ತಾಳೆ. ಸಿಸ್ಟರ್ ಪರದೆ ಎಳೆದು ಆಕೆಯನ್ನು ಕುರ್ಚಿಯಲ್ಲಿ ಒರಗಿಸಿ, ಕೂಸನ್ನು ಎದೆಗಿಟ್ಟು ಪಟ್ಟಿ ಬಿಗಿಯುತ್ತಾರೆ. ಅಷ್ಟರಲ್ಲಿ ಪಕ್ಕದ ಎಸ್‌ಎನ್‌ಸಿಯುವಿನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಯಂತ್ರವೊಂದು ಕೂಗುತ್ತದೆ, ಸಿಸ್ಟರ್ ಓಡುತ್ತಾರೆ. ಅವರಿಗೂ ಆಸರೆ ಬೇಕು. ರೌಂಡ್ಸಿಗೆ ಬಂದ ಡಾಕ್ಟರು ತೂಕ, ಜ್ವರದ ಜೊತೆ "ನಿನ್ನೆ ಎಷ್ಟು ತಾಸು ಕೆಎಂಸಿ?" ಎಂದೂ ಕೇಳಿದರೆ ಸಿಸ್ಟರ್ ತಾಸು ಬರೆದಿಡುವ ಚಾರ್ಟಿಗೆ ಜೀವ ಬರುತ್ತದೆ. ಕೇಳದಿದ್ದರೆ ಅದು ಇನ್ನೊಂದು ತುಂಬಿಸಬೇಕಾದ ಕಾಗದ, ಅಷ್ಟೇ.

ಪರದೆ ಸರಿದಾಗ ಅಜ್ಜಿಯ ಒಂದು ಅಂಗೈ ಕೂಸಿನ ಬೆನ್ನ ಮೇಲಿದೆ. ಅಲುಗಾಡಲು ಹೆದರಿದ್ದಾಳೆ. "ಉಸುರು ನನ್ನ ಎದಿಗೆ ತಾಕ್ತತಿ," ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ.

ಬಿಡುಗಡೆಯ ದಿನ ಇವರ ಜೊತೆ, ಬಾಣಂತಿ-ಕೂಸನ್ನು ಮನೆಗೆ ಬಿಡುವ 'ನಗು-ಮಗು' ಗಾಡಿ ಹತ್ತಿ, ಏಕೆಂದರೆ ಮುಂದಿನ ಕಷ್ಟ ಇರುವುದು ಊರಿನಲ್ಲಿ. ಕೊಪ್ಪಳದಲ್ಲೂ, ಉತ್ತರ ಭಾರತ ಮತ್ತು ಇಥಿಯೋಪಿಯಾದ ಕೆಲವೆಡೆಯೂ ಈ ಆರೈಕೆಯನ್ನು ಇಡೀ ಜನಸಮುದಾಯಕ್ಕೆ ಮುಟ್ಟಿಸುವ ಪ್ರಯತ್ನ ನಡೆದಿತ್ತು, ಫಲಿತಾಂಶ 2021ರಲ್ಲಿ ಹೊರಬಂತು. ಭಾರತದ ತಾಣಗಳಲ್ಲಿ ನೂರಕ್ಕೆ 87 ಕೂಸುಗಳಿಗೆ ಆರೈಕೆ ಶುರುವಾಗಿತ್ತು. ಬಿಡುಗಡೆಯ ಹೊತ್ತಿಗೆ ಅದು 55ಕ್ಕೆ ಇಳಿಯಿತು. ಮನೆಗೆ ಹೋಗಿ ಏಳು ದಿನ ಕಳೆಯುವಷ್ಟರಲ್ಲಿ ಕರ್ನಾಟಕದಲ್ಲಿ ಉಳಿದದ್ದು 36. ಈ ಇಳಿತ ಓದಿದಾಗ ನನಗೆ ತಾಯಂದಿರ ಮೇಲೆ ಸಿಟ್ಟು ಬರಲಿಲ್ಲ, ಅವರ ಅಡುಗೆಮನೆಗಳು ಕಣ್ಣಿಗೆ ಕಟ್ಟಿದವು.

ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತದ ನಾಟಿಗೆ ಆಳು ಸಿಗದ ಕಾಲ, ಒಂದು ದಿನ ಮನೆಯಲ್ಲಿ ಕೂತರೆ ಒಂದು ದಿನದ ಕೂಲಿ ಹೋಯಿತು. ಮನೆಗೆ ಇರುವುದು ಒಂದು ಪಡಸಾಲೆ, ಒಂದು ಅಡುಗೆಮನೆ. ಹೋಗಿಬರುವವರ ಕಣ್ಣಿಗೆ ಬೀಳದಿರಲೆಂದು ಅತ್ತೆ ಹಗ್ಗ ಕಟ್ಟಿ ಹಳೆ ಸೀರೆ ಇಳಿಬಿಟ್ಟಿದ್ದಾಳೆ. ಆಶಾ ಕಾರ್ಯಕರ್ತೆ ತಕ್ಕಡಿ ಚೀಲ, ಥರ್ಮಾಮೀಟರು ಹಿಡಿದು ಬಂದಿದ್ದಾಳೆ. 3, 7, 14, 21, 28, 42ನೇ ದಿನಗಳ ಲೆಕ್ಕ ಅವಳ ಪುಸ್ತಕದಲ್ಲಿದೆ. ಇಂಥ ಕಡಿಮೆ ತೂಕದ ಕೂಸಿನ ಮನೆಗೆ ಆ ಲೆಕ್ಕ ಮೀರಿಯೂ ಬರುತ್ತಾಳೆ.

"ನಿನ್ನಿ ಎಷ್ಟು ತಾಸು ಕಟ್ಕೊಂಡಿದ್ದಿ?"

ಬಾಣಂತಿ ತಲೆ ತಗ್ಗಿಸುತ್ತಾಳೆ. "ಐದಾಗೇತ್ರಿ ಅಕ್ಕಾರ. ರೊಟ್ಟಿ ಬಡೀಬೇಕಿತ್ತು."

ಆಶಾ ಬೈಯುವುದಿಲ್ಲ, ನೆಲದ ಮೇಲೆ ಕೂರುತ್ತಾಳೆ. "ಇನ್ನಾ ಮೂರು ತಾಸರ ಬೇಕಲ್ಲ. ಎಲ್ಲಿಂದ ತರೂಣು, ಎಲ್ಲಾರೂ ಹೇಳ್ರಿ."

ಹೊಸ್ತಿಲಲ್ಲಿ ನಿಂತ ಗಂಡ ಮೊದಲು ಅತ್ತಿತ್ತ ನೋಡುತ್ತಾನೆ. ಆಸ್ಪತ್ರೆಯಲ್ಲಿ ಇನ್ನೊಬ್ಬ ಅಪ್ಪ ಅಂಗಿ ಗುಂಡಿ ಬಿಚ್ಚಿ ಕೂಸು ಹೊತ್ತು ಕೂತಿದ್ದನ್ನು ಅವನು ಕಂಡಿದ್ದಾನೆ. "ಸಂಜಿ ಮುಂದ ಎರಡು ತಾಸು ನಾ ಕುಂದರ್ತೇನಿ," ಎನ್ನುತ್ತಾನೆ. ಪಕ್ಕದ ಮನೆಯಾಕೆ ಸೀರೆಯ ಪರದೆ ಸರಿಸಿ ತಲೆ ಹಾಕುತ್ತಾಳೆ: ಹಿರಿಮಗನನ್ನು ತನ್ನ ಮಗಳ ಜೋಡಿ ಅಂಗನವಾಡಿಗೆ ಕರೆದೊಯ್ಯುತ್ತಾಳಂತೆ, ನಾಟಿ ಮುಗಿಯುವತನಕ ಇವರ ರೊಟ್ಟಿಯನ್ನೂ ತಾನೇ ಬಡಿಯುತ್ತಾಳಂತೆ.

"ನಾ ಹೊಲದಿಂದ ಬಂದು ಕೈಕಾಲು ತೊಳಕೊಂಡು ಕಟ್ಕೋತೇನಿ," ಎನ್ನುತ್ತಾಳೆ ಅಜ್ಜಿ. ಆಮೇಲೆ, ಮರೆಯದೆ: "ಎರಿಯೋದು ಯಾವಾಗ?"

"ಎರಡು ಕಿಲೋ ದಾಟ್ಲಿ ಅಜ್ಜೀ."

"ಇವತ್ತು ಎಷ್ಟೈತಿ?"

ಆಶಾ ತಕ್ಕಡಿ ಚೀಲ ಬಿಚ್ಚಿ, ಗಂಡನ ಕೈಗೆ ಮೇಲಿನ ಕೊಂಡಿ ಕೊಟ್ಟು, ಮುಳ್ಳು ಸೊನ್ನೆಗೆ ಬಂತೇ ಎಂದು ನೋಡುತ್ತಾಳೆ. "ಕೂಸಿನ್ನ ತರ್ರಿ. 1,600 ಆಗಿದ್ರ ಛಲೋ. ಆಗಿರ್ಲಿಲ್ಲಂದ್ರ ನಾಳೆ ಮತ್ತ ಬರ್ತೇನಿ, ಮತ್ತ ತಾಸು ಹಂಚಿಕೊಳ್ಳೂಣು."